ಕೊಳಗ, ಕಂಬಳಿ, ಒನಕೆ: ಮಲೆನಾಡಿನ ದುಡಿಮೆಯ ಉಪಕರಣಗಳು

(ಮುಹೈಸ್ನಾದ ಕನ್ನಡ ಬಳಗದ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಕನ್ನಡ ನಾಡಿನ ಹಿರಿಮೆಯನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಹೊಯ್ಸಳರ ಶಿಲ್ಪವನ್ನು, ವಿಜಯನಗರದ ವೈಭವವನ್ನು, ವಚನಕಾರರ ವಾಣಿಯನ್ನು ನೆನೆಯುತ್ತೇವೆ. ನೊಗ, ಮೊರ, ಕತ್ತಿ, ಕಂಬಳಿಗಳನ್ನು ನೆನೆಯುವವರು ವಿರಳ. ಆದರೆ ಶಿಲ್ಪಿಗೆ ಅನ್ನವಿಟ್ಟದ್ದೂ ದಂಡಿಗೆ ದವಸ ಒದಗಿಸಿದ್ದೂ ಈ ಸಾಮಾನ್ಯ ವಸ್ತುಗಳೇ. ಇಂದಿನ ಉಪನ್ಯಾಸದಲ್ಲಿ ನಾವು ಅವುಗಳಲ್ಲಿ ಕೆಲವನ್ನು ಆಯ್ದು ಪರಿಶೀಲಿಸಲಿದ್ದೇವೆ. ನಾಡೆಲ್ಲದರ ಉಪಕರಣಗಳನ್ನು ಒಂದು ಸಂಜೆಯಲ್ಲಿ ಹೇಳಿ ಮುಗಿಸುವುದು ಸಾಧ್ಯವಿಲ್ಲ. ಆದ್ದರಿಂದ ಪಶ್ಚಿಮಘಟ್ಟದ ಎತ್ತರದ ಸೀಮೆಗೆ, ಅಂದರೆ ಮಲೆನಾಡಿಗೆ, ಅದರಲ್ಲಿಯೂ ಮುಖ್ಯವಾಗಿ ತೀರ್ಥಹಳ್ಳಿ, ಸಾಗರ, ಸಿದ್ದಾಪುರ, ಶಿರಸಿಗಳ ಕಡೆಗೆ ನಮ್ಮ ದೃಷ್ಟಿಯನ್ನು ಸೀಮಿತಗೊಳಿಸಿಕೊಂಡಿದ್ದೇವೆ.

ಈ ವಿಷಯ ಗಲ್ಫಿನ ಕನ್ನಡಿಗರಿಗೆ ದೂರದ್ದೆಂದು ತಿಳಿಯಬೇಕಾಗಿಲ್ಲ. ಇಲ್ಲಿನ ಎಷ್ಟೋ ಕನ್ನಡ ಮನೆಗಳ ಪಡಸಾಲೆಯಲ್ಲಿ ಊರಿನಿಂದ ತಂದ ಹಿತ್ತಾಳೆಯ ಕೊಳಗವೋ ಸೇರೋ ಬೆಳಗಿದ ಸ್ಥಿತಿಯಲ್ಲಿ ಕುಳಿತಿರುವುದುಂಟು. ಅದು ಚೆಂದ, ಇರಲಿ. ಆದರೆ ಅದೇನೆಂದು ಮಗು ಕೇಳಿದರೆ "ಹಳೆಯ ಕಾಲದ್ದು" ಎಂಬಷ್ಟರಲ್ಲಿಯೇ ಉತ್ತರ ಮುಗಿದುಹೋಗುತ್ತದೆ. ಯಾವುದೇ ಉಪಕರಣದಲ್ಲಿ ಮೂರು ಸಂಗತಿಗಳು ಅಡಗಿರುತ್ತವೆಂದು ನಾವು ಭಾವಿಸುತ್ತೇವೆ. ಒಂದು, ಆ ನೆಲದ ಮಳೆ, ಮಣ್ಣು, ಮರಗಳ ಅರಿವು. ಎರಡು, ಅದನ್ನು ಮಾಡಿದ ಮತ್ತು ಹಿಡಿದು ದುಡಿದ ಕೈ. ಮೂರು, ಆ ದುಡಿಮೆಯ ಫಲ ಯಾರಿಗೆ ಎಷ್ಟು ಸಂದಿತೆಂಬ ಲೆಕ್ಕ. ಮೊದಲನೆಯದನ್ನು ಹೊಗಳುವುದು ಸುಲಭ. ಉಳಿದೆರಡನ್ನು ಮರೆತರೆ ವಸ್ತು ಉಳಿದೂ ಅದರ ಸತ್ಯ ಉಳಿಯುವುದಿಲ್ಲ. ಇದೇ ನಮ್ಮ ಇಂದಿನ ಮಾತಿನ ತಿರುಳು.

ಮಳೆಯ ನಾಡಿನ ಉಡುಗೆ

ಮಲೆನಾಡಿನ ಉಪಕರಣಗಳನ್ನು ಅರಿಯಬೇಕಾದರೆ ಮೊದಲು ಅಲ್ಲಿಯ ಮಳೆಯನ್ನು ಅರಿಯಬೇಕು. 2024ರ ಏಪ್ರಿಲ್ 16ರ ದಿನವನ್ನು ನಿಮ್ಮಲ್ಲಿ ಮರೆತವರಿರಲಾರರು. ದುಬೈ ವಿಮಾನ ನಿಲ್ದಾಣದಲ್ಲಿ ಸುಮಾರು ಒಂದು ದಿನದ ಅವಧಿಯಲ್ಲಿ 140 ಮಿಲಿಮೀಟರಿನಷ್ಟು ಮಳೆ ಸುರಿಯಿತು. ಇಲ್ಲಿ ವರ್ಷವಿಡೀ ಬೀಳುವ ಸರಾಸರಿ ಮಳೆ 100 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ರಸ್ತೆಗಳು ಹೊಳೆಗಳಾದವು, ವಿಮಾನಗಳು ನಿಂತವು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರನ್ನು ಮೀರುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಒಂದೇ ದಿನ 140 ಮಿಲಿಮೀಟರಿಗೂ ಮಿಗಿಲಾದ ಮಳೆ ಅಲ್ಲಿ ಅಪರೂಪದ ಸಂಗತಿಯಲ್ಲ. ಇಲ್ಲಿ ಅಂಥ ಮಳೆಯ ದಿನ ಮನೆಯೊಳಗಿರುವುದು ಬುದ್ಧಿವಂತಿಕೆ. ಅಲ್ಲಿಯಾದರೋ ಆ ಮಳೆಯಲ್ಲಿಯೇ ಗದ್ದೆ ಹೂಡಬೇಕು, ಸಸಿ ಕಿತ್ತು ನೆಡಬೇಕು. ಆರಿದ್ರ, ಪುನರ್ವಸು ಮಳೆಗಳಲ್ಲಿ ಮನೆಯೊಳಗೆ ಕುಳಿತವನಿಗೆ ಮುಂದಿನ ಸುಗ್ಗಿ ಇಲ್ಲ.

ಈ ಅನಿವಾರ್ಯದಿಂದ ಹುಟ್ಟಿದ ಎರಡು ವಸ್ತುಗಳು ಕಂಬಳಿಕೊಪ್ಪೆ ಮತ್ತು ಗೊರಬು. ಕಂಬಳಿಯ ಒಂದು ಮೂಲೆಯನ್ನು ಒಳಮಡಿಸಿ ತಲೆಯ ಮೇಲೆ ಗೋಪುರದಂತೆ ನಿಲ್ಲಿಸಿ, ಉಳಿದ ಭಾಗವನ್ನು ಬೆನ್ನಿನ ಮೇಲೆ ಇಳಿಬಿಟ್ಟರೆ ಅದೇ ಕೊಪ್ಪೆ. ಹೊಲಿಗೆಯಿಲ್ಲ, ಗುಂಡಿಯಿಲ್ಲ. ಹಗಲು ಮಳೆಯಂಗಿಯಾದದ್ದು ರಾತ್ರಿ ಒಲೆಯ ಬಳಿ ಒಣಗಿ ಹೊದಿಕೆಯಾಗುತ್ತದೆ. ಕುರಿಯ ಉಣ್ಣೆಯಲ್ಲಿ ಸಹಜವಾಗಿರುವ ಜಿಡ್ಡು ಹನಿಗಳನ್ನು ಜಾರಿಸುತ್ತದೆ. ಉಣ್ಣೆಯ ಎಳೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಅಷ್ಟಾಗಿ ಒದ್ದೆಯೆನಿಸುವುದಿಲ್ಲ. ಹೀರಿಕೊಳ್ಳುವಾಗ ಒಂದಿಷ್ಟು ಶಾಖವನ್ನೂ ಹೊರಬಿಡುತ್ತದೆ. ನೆನೆದ ಹತ್ತಿಬಟ್ಟೆ ಮೈಯನ್ನು ತಣ್ಣಗಾಗಿಸಿದರೆ ನೆನೆದ ಕಂಬಳಿ ಬೆಚ್ಚಗಿಡುವುದು ಈ ಕಾರಣದಿಂದ.

ಗಮನಿಸಬೇಕಾದ ಸಂಗತಿಯೆಂದರೆ, ಈ ಕಂಬಳಿ ಮಲೆನಾಡಿನದಲ್ಲ. ಅಷ್ಟು ಮಳೆಯ ನಾಡಿನಲ್ಲಿ ಕುರಿ ಬಾಳುವುದು ಕಷ್ಟ. ಚಳ್ಳಕೆರೆ, ರಾಣೆಬೆನ್ನೂರು ಕಡೆಯ ಬಯಲುಸೀಮೆಯಲ್ಲಿ ಕುರುಬ ಸಮುದಾಯದ ಹೆಂಗಸರು ನೂತು ಗಂಡಸರು ನೆಯ್ದ ಕಂಬಳಿಗಳು ಘಟ್ಟದ ಸೀಮೆಗೆ ಬರುತ್ತಿದ್ದವು. ಹಾಸಿನ ಎಳೆ ಬಿಗಿಯಾಗಿ ನಿಲ್ಲಲು ಹುಣಸೆಬೀಜದ ಸರಿಯನ್ನು ಅದಕ್ಕೆ ಹಚ್ಚುತ್ತಿದ್ದರು. ಒಂದು ಹನಿ ಮಳೆಗೆ ಬಾಯ್ದೆರೆಯುವ ಸೀಮೆಯವರು ಮಳೆಯಲ್ಲಿ ಮುಳುಗುವ ಸೀಮೆಯವರಿಗೆ ಮಳೆಯಂಗಿ ಮಾಡಿಕೊಟ್ಟರು. ಹಳ್ಳಿಗಳು ಸ್ವಯಂಪೂರ್ಣವಾಗಿದ್ದವೆಂಬ ನಮ್ಮ ಸಾಮಾನ್ಯ ಕಲ್ಪನೆಯನ್ನು ಈ ಒಂದು ಕಂಬಳಿಯೇ ತಿದ್ದಬಲ್ಲದು.

ಕೊಪ್ಪೆ ನೆಟ್ಟಗೆ ನಿಂತು ಉಳುವವನಿಗೆ ಸರಿ. ನಾಟಿ ಮಾಡುವ ಹೆಂಗಸು ಮುಂಜಾನೆಯಿಂದ ಸಂಜೆಯವರೆಗೆ ಸೊಂಟ ಬಗ್ಗಿಸಿಯೇ ಇರುತ್ತಾಳೆ. ಅವಳ ಮೇಲೆ ಮಳೆ ಬೀಳುವುದು ತಲೆಗಿಂತ ಹೆಚ್ಚಾಗಿ ಬೆನ್ನಿಗೆ. ಕೊಡೆ ಹಿಡಿಯೋಣವೆಂದರೆ ಒಂದು ಕೈಯಲ್ಲಿ ಸಸಿಯ ಕಟ್ಟು, ಇನ್ನೊಂದು ಕೈ ಕೆಸರಿನಲ್ಲಿ. ಈ ಭಂಗಿಗಾಗಿಯೇ ರೂಪುಗೊಂಡದ್ದು ಗೊರಬು. ಬಿದಿರಿನ ಸೀಳುಗಳನ್ನು ಹೆಣೆದ ಎರಡು ಪದರಗಳ ನಡುವೆ ಎಲೆಗಳನ್ನು ಒತ್ತಾಗಿ ಹಾಸಿ, ದೋಣಿಯನ್ನು ಬೋರಲು ಹಾಕಿದಂತೆ ಬಾಗಿಸಿ, ನೆತ್ತಿಯಿಂದ ಸೊಂಟದವರೆಗೆ ಮುಚ್ಚುವ ಹೊದಿಕೆ ಇದು. ತಲೆಯ ಮೇಲೆ ನಿಲ್ಲುತ್ತದೆ, ಕೈಗಳೆರಡೂ ಬಿಡುವಾಗಿರುತ್ತವೆ. ಬಗ್ಗಿದ ಬೆನ್ನಿನ ಅಳತೆಯನ್ನು ಅರಿತವರು ಮಾತ್ರ ಇದನ್ನು ಹೆಣೆಯಬಲ್ಲರು. ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಗೊರಬು ಮೂಲೆ ಸೇರಿತು. ಬಗ್ಗಿದ ಬೆನ್ನು ಮಾತ್ರ ಹಾಗೆಯೇ ಉಳಿಯಿತು.

ಮೊದಲ ಮಳೆಗೆ ಹೊಳೆಯ ಮೀನುಗಳು ಮೊಟ್ಟೆಯಿಡಲು ಗದ್ದೆಯ ಕಡೆಗೆ ಹತ್ತಿ ಬರುತ್ತವೆ. ಮಲೆನಾಡಿನವರು ಇವನ್ನು ಹತ್ತುಮೀನು ಎನ್ನುತ್ತಾರೆ. ಅವನ್ನು ಹಿಡಿಯಲು ನೀರಿಳಿಯುವ ಕಂಡಿಗೆ ಬಿದಿರಿನ ಕೂಣಿಯನ್ನು ಒಡ್ಡುತ್ತಾರೆ. ಅದರ ಬಾಯಲ್ಲಿ ಒಳಮುಖವಾಗಿ ಬಾಗಿದ ಕಡ್ಡಿಗಳು ಆಲಿಕೆಯಂತೆ ಕಿರಿದಾಗುತ್ತ ಹೋಗುತ್ತವೆ. ಮೀನು ಒಳಗೆ ನುಸುಳಬಹುದು. ಹಿಂದಿರುಗಿದರೆ ಕಡ್ಡಿಗಳ ಮೊನೆ ಎದುರಾಗುತ್ತದೆ. ಈ ಕೊಲ್ಲಿಯ ಮೀನುಗಾರರು ಬಳಸುತ್ತ ಬಂದ ಗರ್ಗೂರ್ ಎಂಬ ಗುಮ್ಮಟದಾಕಾರದ ಬಲೆಯನ್ನು ನೀವು ನೋಡಿರಬಹುದು. ಹಿಂದೆ ಖರ್ಜೂರದ ಗರಿಯ ದಂಟಿನಿಂದ, ಅನಂತರ ತಂತಿಯಿಂದ ಹೆಣೆದ ಅದರ ಬಾಯಿಯೂ ಇದೇ ಆಲಿಕೆ. ಘಟ್ಟದ ತೋಡಿಗೂ ಅರಬ್ಬೀ ಕಡಲಿಗೂ ಮೀನಿನ ಸ್ವಭಾವ ಒಂದೇ ಆದ್ದರಿಂದ ಮನುಷ್ಯನ ಉಪಾಯವೂ ಒಂದೇ ಆಯಿತು.

ಮರವೇರುವ ಕುಣಿಕೆ

ಅಡಿಕೆ ಮಲೆನಾಡಿನ ಮುಖ್ಯ ತೋಟದ ಬೆಳೆ. ಅದರ ಕಾಂಡ ಸಪೂರ, ನುಣುಪು, ಕೊಂಬೆಯಿಲ್ಲದ್ದು. ಅದನ್ನು ಏರಲು ಕೊನೆಗಾರನಿಗೆ ಬೇಕಾದ ಸಾಧನ ಅಂಗೈಯಗಲದ ಒಂದು ಕುಣಿಕೆ. ಅದರ ಹೆಸರು ತಳೆ. ಎರಡು ಪಾದಗಳನ್ನೂ ಅದರೊಳಗೆ ಸೇರಿಸಿ ಕಾಂಡವನ್ನು ಒತ್ತಿ ಹಿಡಿದರೆ ಮೈಯ ಭಾರವೇ ಪಾದಗಳನ್ನು ಮರಕ್ಕೆ ಬಿಗಿಯುತ್ತದೆ. ಕೈಯಿಂದ ಅಪ್ಪಿ, ಕಾಲನ್ನು ಮೇಲಕ್ಕೆಳೆದು, ಮತ್ತೆ ಅಪ್ಪಿ, ಹೀಗೆ ನಿಮಿಷದೊಳಗೆ ಆತ ತುದಿ ಮುಟ್ಟುತ್ತಾನೆ. ಒಂದು ಮರದ ಕೊನೆಯನ್ನು ಇಳಿಸಿದ ಮೇಲೆ ನೆಲಕ್ಕೆ ಬಾರದೆ, ಮರವನ್ನು ಬಳುಕಿಸಿ ಪಕ್ಕದ ಮರಕ್ಕೆ ದಾಟುವ ನಿಪುಣರೂ ಉಂಟು.

ಈ ದೇಶದಲ್ಲಿ ಖರ್ಜೂರದ ಮರವೇರುವವರು ಹಾಬೂಲ್ ಎಂಬ ಹಗ್ಗದ ಪಟ್ಟಿಯನ್ನು ಬಳಸುತ್ತಾರೆ. ಅದು ಪಾದಕ್ಕಲ್ಲ, ಬೆನ್ನಿಗೆ. ಅಗಲವಾದ ಪಟ್ಟಿ ಬೆನ್ನಿಗೆ ಆತು, ಹಗ್ಗ ಮರವನ್ನು ಬಳಸಿ ಬರುತ್ತದೆ. ಏಕೆ ಈ ಭೇದ? ಖರ್ಜೂರದ ಕಾಂಡ ದಪ್ಪ. ಕತ್ತರಿಸಿದ ಗರಿಯ ಬುಡಗಳು ಮೆಟ್ಟಿಲಿನಂತೆ ಉಳಿದಿರುವುದರಿಂದ ಪಾದಕ್ಕೆ ಆಸರೆ ಸಹಜವಾಗಿಯೇ ಇದೆ, ಹಿಂದಕ್ಕೆ ಬೀಳದಂತೆ ತಡೆಯಬೇಕಾಗಿದೆ. ಅಡಿಕೆಯಲ್ಲಿ ಪಾದಕ್ಕೆ ಆಸರೆಯೇ ಇಲ್ಲ. ಆದರೆ ಕಾಂಡ ತೋಳಿನ ಅಪ್ಪುಗೆಗೆ ಸಿಗುತ್ತದೆ. ಮರದ ಗುಣವೇ ಉಪಕರಣದ ಜಾಗವನ್ನು ನಿರ್ಧರಿಸಿತು. ಖರ್ಜೂರಕ್ಕೆ ಸಂಬಂಧಿಸಿದ ಈ ಅರಿವು ಮತ್ತು ಆಚರಣೆಗಳು 2019ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದವು. ನಮ್ಮ ತಳೆಯ ಹೆಸರು ನಮ್ಮ ಮಕ್ಕಳ ಬಾಯಲ್ಲಾದರೂ ಸೇರಿದರೆ ಸಾಕೆಂದು ನಾವು ಬಯಸುತ್ತೇವೆ.

ಅಡಿಕೆಯ ಮಾತಿನಲ್ಲಿ ಇನ್ನೊಂದು ಸಾಧನವನ್ನು ಹೇಳಲೇಬೇಕು. ಎಡೆಬಿಡದ ಮಳೆಗೆ ಎಳೆಯ ಕಾಯಿಗಳು ಕೊಳೆತು ಉದುರುವ ರೋಗಕ್ಕೆ ಕೊಳೆರೋಗವೆಂದು ಹೆಸರು. ಗೊನೆಗೆ ಮಳೆನೀರು ತಾಗದಂತೆ ಅಡಿಕೆಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಮಾಡಿದ ಕೊಟ್ಟೆಯನ್ನು ಕಟ್ಟುವುದು ಹಿಂದಿನವರ ಉಪಾಯ. ಪ್ರತಿಯೊಂದು ಮರವನ್ನೂ ಮಳೆಗೆ ಮುನ್ನ ಏರಿ ಪ್ರತಿಯೊಂದು ಗೊನೆಗೂ ಕಟ್ಟಬೇಕಾದ ದುಡಿಮೆ ಅದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗದ ಕಾರಣವನ್ನು ಶೋಧಿಸಿ 1910ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ 1880ರ ದಶಕದಲ್ಲಿ ಕಂಡುಹಿಡಿದ, ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಅಡಿಕೆಗೆ ಸಿಂಪಡಿಸುವ ಕ್ರಮ ಅವರ ಕಾಲದಲ್ಲಿ ಬಂದಿತು. ಕೋಲ್ಮನ್ ಅವರು ರೋಗಕ್ಕೆ ಹೊಸ ಹೆಸರಿಡಲು ಹೋಗದೆ ರೈತರ ಮಾತನ್ನೇ ಬರೆದರು. ಕೊಳೆರೋಗ ಎಂಬ ಕನ್ನಡ ಪದ ಜಗತ್ತಿನ ಸಸ್ಯರೋಗಶಾಸ್ತ್ರದ ಗ್ರಂಥಗಳಲ್ಲಿ ಸ್ಥಾನ ಪಡೆದಿದೆ. ಮಣ್ಣಿನಲ್ಲಿ ದುಡಿಯುವವರ ಪದಗಳಿಗೆ ಎಂಥ ನಿಖರತೆ ಇರುತ್ತದೆಂಬುದಕ್ಕೆ ಇದು ನಿದರ್ಶನ.

ಕುಲುಮೆಯ ಹದ

ಕತ್ತಿ, ಕುಡುಗೋಲು, ಕೊಡಲಿ, ಗುದ್ದಲಿ, ಹಾರೆ, ನೇಗಿಲ ಕುಳ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಅಡಿಗೆಮನೆಯ ಈಳಿಗೆಮಣೆಯ ಅಲಗು, ಇವೆಲ್ಲವೂ ಊರಿನ ಕುಲುಮೆಯಿಂದ ಬಂದವು. ಮಳೆಗಾಲಕ್ಕೆ ಮುನ್ನ ಕುಲುಮೆಗೆ ಬಿಡುವಿರುತ್ತಿರಲಿಲ್ಲ. ತಿದಿಯೊತ್ತಿ ಇದ್ದಿಲ ಬೆಂಕಿಯನ್ನು ಕೆರಳಿಸಿ, ಅಲಗನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೆ ಉಕ್ಕು ಗಡುಸಾಗುತ್ತದೆ. ಆದರೆ ಬರಿಯ ಗಡಸು ಅಲಗು ಗಂಟಿಗೆ ತಾಗಿದೊಡನೆ ಚಕ್ಕೆ ಏಳುತ್ತದೆ. ಆದ್ದರಿಂದ ಅದನ್ನು ಮತ್ತೆ ಮಂದವಾದ ಕಾವಿಗೆ ಒಡ್ಡಿ ಗಡಸುತನವನ್ನು ಸ್ವಲ್ಪ ಇಳಿಸಿ ತಾಳಿಕೆ ತರಬೇಕು. ಉಷ್ಣಮಾಪಕವಿಲ್ಲದ ಕಾಲದಲ್ಲಿ ಕಮ್ಮಾರನು ಲೋಹದ ಮೇಲೆ ಓಡುವ ಬಣ್ಣವನ್ನು ನೋಡಿ ಈ ಗಳಿಗೆಯನ್ನು ಹಿಡಿಯುತ್ತಿದ್ದನು. ಇದಕ್ಕೆ ಕನ್ನಡದಲ್ಲಿ ಒಂದೇ ಮಾತು: ಹದ. ಮಣ್ಣಿಗೂ ಹದ, ಪಾಕಕ್ಕೂ ಹದ, ಮಾತಿಗೂ ಹದ. ಕುಲುಮೆ ಹಳ್ಳಿಯಿಂದ ಕಣ್ಮರೆಯಾದರೂ ಈ ಪದ ನಮ್ಮ ನಾಲಗೆಯ ಮೇಲೆ ಉಳಿದಿದೆ. "ಕೊಡಲಿ ಕಾವು ಕುಲಕ್ಕೆ ಮೃತ್ಯು" ಎಂಬ ಗಾದೆಯನ್ನು ನಾವು ಇಂದಿಗೂ ಆಡುತ್ತೇವೆ. ಆದರೆ ಕಾವು ಎಂದರೆ ಮರದ ಹಿಡಿಯೆಂದು ತಿಳಿಯದ ಮಗುವಿಗೆ ಆ ಗಾದೆಯ ಕಹಿ ತಲುಪಲಾರದು. ತನ್ನ ಕುಲದ ಮರವೇ ಕೊಡಲಿಗೆ ಹಿಡಿಯಾಗಿ ಕಾಡನ್ನು ಕಡಿಯುತ್ತದೆಂಬ ಚಿತ್ರ ಅದರಲ್ಲಿದೆ.

ಕಮ್ಮಾರನಿಗೂ ಬಡಗಿಗೂ ದೊರೆಯುತ್ತಿದ್ದ ಪ್ರತಿಫಲ ಬಹುಪಾಲು ಹಣವಲ್ಲ, ಸುಗ್ಗಿಯಲ್ಲಿ ಕಣದಿಂದ ಅಳೆದು ಕೊಡುವ ಧಾನ್ಯ. ಈ ಪಾಲಿಗೆ ಆಯವೆಂದೂ ಅದನ್ನು ಪಡೆಯುವವರಿಗೆ ಆಯಗಾರರೆಂದೂ ಹೆಸರು. ಬೆಳೆ ಬಂದ ವರ್ಷ ಇದು ಭದ್ರತೆ. ಬೆಳೆ ಕೈಕೊಟ್ಟ ವರ್ಷ ಕಬ್ಬಿಣ ಬಡಿದ ಶ್ರಮ ಮಾತ್ರ ಉಳಿಯುತ್ತಿತ್ತು. ಆಯವನ್ನು ಅಳೆಯುತ್ತಿದ್ದುದಾದರೂ ಯಾವುದರಿಂದ? ಈಗ ನಾವು ಆ ಅಳತೆಯ ಪಾತ್ರೆಯ ಬಳಿಗೆ ಬರುತ್ತೇವೆ.

ಕೊಳಗದ ಅಳತೆ

ಪಾವು, ಸೇರು, ಕೊಳಗ, ಖಂಡುಗ ಎಂಬ ಅಳತೆಗಳನ್ನು ಹಿರಿಯರು ಬಲ್ಲರು. ನಾಲ್ಕು ಪಾವಿಗೆ ಒಂದು ಸೇರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಭೂಮಿಯನ್ನೂ ಇದರಲ್ಲಿಯೇ ಹೇಳುತ್ತಿದ್ದರು. ಒಂದು ಖಂಡುಗ ಬೀಜ ಹಿಡಿಯುವ ಗದ್ದೆ ಖಂಡುಗದ ಗದ್ದೆ. ಈ ಕ್ರಮಕ್ಕೆ ಬೀಜವರಿ ಎಂದು ಹೆಸರು. ಕನ್ನಡ ಶಾಸನಗಳ ದಾನದ ವಿವರಗಳಲ್ಲಿಯೂ ಕೊಳಗ, ಖಂಡುಗಗಳು ಮತ್ತೆ ಮತ್ತೆ ಬರುತ್ತವೆ. ಧಾನ್ಯ ಅಳೆಯುವಾಗ ಮೊದಲನೆಯ ಅಳತೆಯನ್ನು "ಒಂದು" ಎನ್ನದೆ "ಲಾಭ" ಎಂದು ಎಣಿಸುವುದು ನಮ್ಮ ಹಳ್ಳಿಗಳ ಶುಭದ ರೂಢಿ. ಆದರೆ ಯಾರ ಲಾಭ ಎಂಬ ಪ್ರಶ್ನೆಯೊಂದು ಎದ್ದೇ ಎದ್ದಿತು.

ಗೇಣಿಗೆ ಗದ್ದೆ ಮಾಡುವ ರೈತ ಸುಗ್ಗಿಯಲ್ಲಿ ಒಡೆಯರಿಗೆ ಇಷ್ಟು ಖಂಡುಗ ಬತ್ತ ಅಳೆಯಬೇಕೆಂದು ಕರಾರು. ಖಂಡುಗ ಎಷ್ಟೆಂಬುದು ಎಲ್ಲರಿಗೂ ಗೊತ್ತು. ಆದರೆ ಕೊಳಗ ಎಷ್ಟು ದೊಡ್ಡದು? ಅಳೆಯುವ ಕೊಳಗ ಒಡೆಯರ ಮನೆಯದು. ಇಲ್ಲಿ ಒಂದು ಸರಳ ಗಣಿತವನ್ನು ನಾವು ನೆನೆಯಬೇಕು. ಪಾತ್ರೆಯೊಂದರ ಅಗಲವನ್ನೂ ಎತ್ತರವನ್ನೂ ನೂರಕ್ಕೆ ಹತ್ತರಷ್ಟು ಮಾತ್ರ ಹೆಚ್ಚಿಸಿದರೆ ನೋಡುವ ಕಣ್ಣಿಗೆ ಅದು ಹೆಚ್ಚೇನೂ ಬೇರೆಯಾಗಿ ತೋರದು. ಆದರೆ ಅದರ ಹಿಡಿತ ನೂರಕ್ಕೆ ಮೂವತ್ತಮೂರರಷ್ಟು ಹೆಚ್ಚುತ್ತದೆ. ಅಂದರೆ ಹಿಂದಿನ ಪಾತ್ರೆಯಲ್ಲಿ ನಾಲ್ಕು ಬಾರಿ ಅಳೆದದ್ದು ಈಗ ಮೂರು ಬಾರಿಗೆ ಮುಗಿಯುತ್ತದೆ; ರೈತನ ಲೆಕ್ಕದಲ್ಲಿ ಮಾತ್ರ ಮೂರೇ ಎಂದು ದಾಖಲಾಗುತ್ತದೆ. ಬಾಯಿಮಟ್ಟಕ್ಕೆ ಸವರಿ ಅಳೆಯುವ ಬದಲು ಗೋಪುರದಂತೆ ರಾಶಿಯೇರಿಸಿ ಅಳೆದರೆ ಇನ್ನಷ್ಟು ಹೆಚ್ಚು. ಒಂದೊಂದು ಕೊಳಗಕ್ಕೆ ಹತ್ತರಲ್ಲೊಂದು ಪಾಲು ಮಿಕ್ಕರೂ ಖಂಡುಗಕ್ಕೆ ಎರಡು ಕೊಳಗ ಬತ್ತ ಲೆಕ್ಕವಿಲ್ಲದೆ ಹೋಗುತ್ತದೆ. ಬಡ ಸಂಸಾರವೊಂದಕ್ಕೆ ಮಳೆಗಾಲದ ಹಸಿವನ್ನು ದಾಟಿಸುತ್ತಿದ್ದ ಬತ್ತ ಅದೇ ಆಗಿರುತ್ತಿತ್ತು.

ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಯಲ್ಲಿ ಈ ಪ್ರಶ್ನೆ ಬಹಿರಂಗವಾಗಿ ಸ್ಫೋಟಿಸಿತು. ಅಲ್ಲಿಯ ಗೇಣಿದಾರರಲ್ಲಿ ದೀವರ ಸಮುದಾಯದವರು ಹೆಚ್ಚು. ಗೇಣಿ ಅಳೆಯುವ ಕೊಳಗದ ಗಾತ್ರವನ್ನು ಅವರು ಪ್ರಶ್ನಿಸಿದರು. ಎಚ್. ಗಣಪತಿಯಪ್ಪನವರ ನೇತೃತ್ವದ ರೈತ ಸಂಘಟನೆ ಬೆನ್ನಿಗೆ ನಿಂತಿತು. 1951ರ ಏಪ್ರಿಲಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ಸಮಾಜವಾದಿ ಪಕ್ಷವೂ ಶಾಂತವೇರಿ ಗೋಪಾಲಗೌಡರೂ ಅದಕ್ಕೆ ಹೆಗಲು ಕೊಟ್ಟರು. ಅದೇ ವರ್ಷದ ಜೂನಿನಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಮೈಸೂರು ವಿಧಾನಸಭೆಗೆ ಆಯ್ಕೆಯಾದರು. ಉಳುವವನೇ ಹೊಲದೊಡೆಯನೆಂಬ ಘೋಷಣೆ ಬೆಳೆಯುತ್ತ ಹೋಗಿ, ದೇವರಾಜ ಅರಸರ ಕಾಲದಲ್ಲಿ 1974ರ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಈ ದೀರ್ಘ ಪಯಣದ ಆರಂಭದಲ್ಲಿ ಇದ್ದುದು ಒಂದು ಅಳತೆಯ ಪಾತ್ರೆ. ಅಷ್ಟರೊಳಗೆ ಮೆಟ್ರಿಕ್ ಪದ್ಧತಿಯೂ ಬಂದಿತ್ತು. 1956ರ ಕಾಯಿದೆಯ ಮೇರೆಗೆ 1962ರ ವೇಳೆಗೆ ದೇಶದಲ್ಲೆಲ್ಲ ಕಿಲೋಗ್ರಾಂ, ಲೀಟರುಗಳು ಜಾರಿಗೊಂಡವು. ಅಳತೆ ಒಬ್ಬರ ಮನೆಯ ಸ್ವತ್ತಾಗಿ ಉಳಿಯಲಿಲ್ಲ.

ಈ ಸಂದರ್ಭದಲ್ಲಿ ಇಲ್ಲಿಯ ಅಲ್ ಐನ್ ಓಯಸಿಸಿನ ಫಲಜ್ ಕಾಲುವೆಗಳನ್ನು ನೆನೆಯುವುದು ಉಚಿತ. 2020ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಆ ವ್ಯವಸ್ಥೆಯಲ್ಲಿ ತೋಟಗಳಿಗೆ ನೀರನ್ನು ಕಾಲದ ಲೆಕ್ಕದಲ್ಲಿ ಹಂಚುತ್ತಿದ್ದರು. ಹಗಲು ನೆರಳಿನಿಂದ, ಇರುಳು ನಕ್ಷತ್ರಗಳಿಂದ ಹೊತ್ತನ್ನು ಅಳೆಯುತ್ತಿದ್ದರು. ಸೂರ್ಯನ ನೆರಳು ಎಲ್ಲರಿಗೂ ಕಾಣುವ ಅಳತೆ. ಒಡೆಯರ ಮನೆಯ ಕೊಳಗ ಹಾಗಲ್ಲ. ಪಡಸಾಲೆಯ ಶೋಭೆಯಾಗಿರುವ ಕೊಳಗವನ್ನು ಮಕ್ಕಳಿಗೆ ತೋರಿಸುವಾಗ ಕಾಗೋಡಿನ ಹೆಸರನ್ನೂ ಹೇಳಬೇಕೆಂದು ನಾವು ವಿನಂತಿಸುವುದು ಇದಕ್ಕಾಗಿ. ಅದು ಯಾರನ್ನೂ ದೂಷಿಸುವುದಕ್ಕಲ್ಲ. ಗೇಣಿ ಅಳೆಸಿಕೊಂಡವರ ಮೊಮ್ಮಕ್ಕಳೂ ಅಳೆದು ಕೊಟ್ಟವರ ಮೊಮ್ಮಕ್ಕಳೂ ಇಂದು ಈ ಊರಿನಲ್ಲಿ ಒಂದೇ ಕಛೇರಿಯಲ್ಲಿ ದುಡಿಯುತ್ತಿದ್ದಾರೆ, ಒಂದೇ ಸಭಾಂಗಣದಲ್ಲಿ ರಾಜ್ಯೋತ್ಸವ ಆಚರಿಸುತ್ತಿದ್ದಾರೆ. ಇಬ್ಬರ ನೆನಪೂ ಒಂದೆಡೆ ಕೂಡಿದರೆ ಮಾತ್ರ ಆ ಪಾತ್ರೆಯ ಇತಿಹಾಸ ಪೂರ್ಣವಾದೀತು.

ಒನಕೆಯ ಭಾರ

ಮನೆಯೊಳಗಿನ ಉಪಕರಣಗಳಲ್ಲಿ ಒನಕೆ, ಒರಳು, ಬೀಸುವ ಕಲ್ಲು, ಮೊರ, ಕಡೆಗೋಲುಗಳು ಹೆಂಗಸರ ಪಾಲಿನವು. ಆಳೆತ್ತರದ ಮರದ ಒನಕೆಯ ಕೆಳತುದಿಗೆ ಕಬ್ಬಿಣದ ಬಳೆ. ಇಬ್ಬರು ಎದುರುಬದುರು ನಿಂತು ಒಂದೇ ಒರಳಿಗೆ ಸರದಿಯಂತೆ ಕುಟ್ಟುತ್ತಾರೆ. ಒಬ್ಬಳ ಒನಕೆ ಮೇಲೇರುವಾಗ ಇನ್ನೊಬ್ಬಳದು ಇಳಿಯಬೇಕು. ಗಳಿಗೆ ತಪ್ಪಿದರೆ ಒನಕೆಗೆ ಒನಕೆ ತಾಗುತ್ತದೆ. ಕುಟ್ಟುವ ಪದ, ಬೀಸುವ ಪದಗಳು ಹುಟ್ಟಿದ್ದು ಈ ಲಯವನ್ನು ಕಾಯುವುದಕ್ಕೆ ಮತ್ತು ಆಯಾಸವನ್ನು ಮರೆಯುವುದಕ್ಕೆ. ನಮ್ಮ ಜಾನಪದ ಸಾಹಿತ್ಯದ ಎಷ್ಟೋ ಭಾಗ ಬೆಳಗಿನ ಜಾವದ ಈ ದುಡಿಮೆಯ ಫಲ.

ಕೈಯಿಂದ ಕುಟ್ಟಿದ ಅಕ್ಕಿಯಲ್ಲಿ ತೌಡಿನ ಅಂಶ ಸ್ವಲ್ಪ ಉಳಿಯುತ್ತದೆ. ಹೆಚ್ಚು ಬಿಳುಪು ಮಾಡಿದ ಅಕ್ಕಿಯನ್ನೇ ತಿಂದವರಿಗೆ ಬೆರಿಬೆರಿ ಎಂಬ ನರಗಳ ರೋಗ ಬರುವುದನ್ನು ಜಾವಾ ದ್ವೀಪದಲ್ಲಿ ಡಚ್ ವೈದ್ಯ ಕ್ರಿಸ್ತಿಯಾನ್ ಐಕ್ಮನ್ ಅವರು 1890ರ ದಶಕದಲ್ಲಿ ಗುರುತಿಸಿದರು. ತೌಡಿನಲ್ಲಿರುವ ಜೀವಸತ್ವದ ಶೋಧಕ್ಕೆ ಅದು ದಾರಿಯಾಯಿತು; 1929ರಲ್ಲಿ ಅವರಿಗೆ ನೊಬೆಲ್ ಪಾರಿ​ತೋಷಕ ಸಂದಿತು. ಒನಕೆ ತಿಳಿಯದೆಯೇ ಮನೆಮಂದಿಯ ಆರೋಗ್ಯವನ್ನು ಕಾದಿತ್ತು.

ಹಾಗೆಂದು ಒನಕೆಯ ಕಾಲ ಮರಳಿ ಬರಲೆಂದು ಹಾರೈಸುವುದು ನ್ಯಾಯವಲ್ಲ. ಊರಿಗೆ ಅಕ್ಕಿಗಿರಣಿ ಬಂದ ದಿನ ಗಂಡಸರು ಅಕ್ಕಿಯ ರುಚಿ ಕೆಟ್ಟಿತೆಂದು ಗೊಣಗಿರಬಹುದು. ಹೆಂಗಸರಿಗೆ ದಿನಕ್ಕೆ ಕೆಲವು ಗಂಟೆಗಳ ನಿದ್ರೆ ಮರಳಿ ಸಿಕ್ಕಿತು, ಹೆಣ್ಣುಮಕ್ಕಳಿಗೆ ಶಾಲೆಗೆ ಹೋಗುವ ಹೊತ್ತು ಸಿಕ್ಕಿತು. ಹೀಗೆಯೇ ಇಂದು ಅಡಿಕೆ ತೋಟಗಳಿಗೆ ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂದಿದೆ. ನೆಲದಲ್ಲಿ ನಿಂತೇ ಗೊನೆ ಇಳಿಸಬಹುದು, ಔಷಧಿ ಸಿಂಪಡಿಸಬಹುದು. ತಳೆಯ ಕೌಶಲ ಇದರಿಂದ ಕುಗ್ಗುವುದು ನಿಜ. ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮೂಲೆ ಸೇರುವವರ ಸಂಖ್ಯೆ ಕುಗ್ಗುವುದೂ ಅಷ್ಟೇ ನಿಜ. ನಷ್ಟವನ್ನೂ ಲಾಭವನ್ನೂ ಒಟ್ಟಿಗೆ ತೂಗುವ ಎದೆಗಾರಿಕೆ ನಮಗಿರಬೇಕು.

ಉಳಿಸಬೇಕಾದದ್ದೇನು?

ವಸ್ತುಗಳನ್ನು ಉಳಿಸುವ ಕಾರ್ಯ ನಾಡಿನಲ್ಲಿ ನಡೆಯದೇ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾಯಿತು. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆ ಅದರ ನೆಲೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ 1994ರಲ್ಲಿ ಉದ್ಘಾಟನೆಗೊಂಡಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಪೂರ್ವಿಕರ ಮನೆ ಕವಿಮನೆಯೆಂಬ ಹೆಸರಿನಲ್ಲಿ ಸಂರಕ್ಷಿತವಾಗಿದ್ದು, ಮಲೆನಾಡಿನ ದೊಡ್ಡಮನೆಯೊಂದರ ಪಾತ್ರೆಪಡಗಗಳನ್ನೂ ಕೃಷಿ ಸಾಧನಗಳನ್ನೂ ಅಲ್ಲಿ ಕಾಣಬಹುದು. 1967ರಲ್ಲಿ ಪ್ರಕಟವಾದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಇಲ್ಲಿ ಓದುವವರು ಒಮ್ಮೆ ಆ ಮನೆಯನ್ನು ನೋಡಿಬಂದರೆ ಪುಟಪುಟಕ್ಕೂ ಎದುರಾಗುವ ಪದಗಳು ಕಣ್ಣಿಗೆ ಕಟ್ಟುತ್ತವೆ.

ಆದರೆ ಸಂಗ್ರಹಾಲಯದ ಗಾಜಿನ ಹಿಂದೆ ನೊಗವನ್ನು ಇಡಬಹುದು; ಅದು ಯಾರ ಎತ್ತುಗಳ ಹೆಗಲ ಮೇಲಿತ್ತು, ಯಾರ ಗದ್ದೆಯಲ್ಲಿ ಯಾರು ಉತ್ತರು ಎಂಬುದನ್ನು ಮನೆಯ ಹಿರಿಯರು ಮಾತ್ರ ಹೇಳಬಲ್ಲರು. ಆ ಹಿರಿಯರು ವರ್ಷದಿಂದ ವರ್ಷಕ್ಕೆ ನಮ್ಮನ್ನಗಲುತ್ತಿದ್ದಾರೆ. ಇಲ್ಲಿಯ ಶಾಲೆಗಳಿಗೆ ಬೇಸಿಗೆ ರಜೆ ಬರುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ನೀವು ಊರಿಗೆ ಹೋಗುವಾಗ ಮಲೆನಾಡು ಮಳೆಯ ನಟ್ಟನಡುವಿನಲ್ಲಿರುತ್ತದೆ. ಹೊರಗೆ ಹೋಗಲಾಗದ ಆ ಸಂಜೆಗಳಲ್ಲಿ ಅಟ್ಟದ ಮೇಲಿನ ಒಂದು ವಸ್ತುವನ್ನು ಕೆಳಗಿಳಿಸಿ, ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು, ಅಜ್ಜ ಅಜ್ಜಿಯರ ಬಳಿ ಐದು ಪ್ರಶ್ನೆಗಳನ್ನು ಕೇಳಿರಿ. ಇದರ ಹೆಸರೇನು, ಇದರ ಬಿಡಿಭಾಗಗಳ ಹೆಸರೇನು? ಯಾವ ಮರ, ಯಾವ ಲೋಹ? ಮಾಡಿದವರು ಯಾರು, ಅವರಿಗೆ ಕೊಟ್ಟದ್ದೇನು? ಹಿಡಿದು ದುಡಿದವರು ಯಾರು, ಅವರಿಗೆ ಸಂದದ್ದೇನು? ಇದು ಕೆಲಸ ಬಿಟ್ಟದ್ದು ಯಾವಾಗ, ಏಕೆ? ಉತ್ತರವನ್ನು ಅವರ ದನಿಯಲ್ಲಿಯೇ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿರಿ. ಮನೆಯ ಒಡೆಯರನ್ನು ಮಾತ್ರ ಕೇಳಿ ಮುಗಿಸಬೇಡಿ. ಆ ಮನೆಗೆ ದುಡಿದವರು ಇಂದಿಗೂ ಊರಿನಲ್ಲಿದ್ದರೆ ಅವರ ಅಂಗಳಕ್ಕೂ ಹೋಗಿ ಅದೇ ಪ್ರಶ್ನೆಗಳನ್ನು ಕೇಳಿರಿ. ಎರಡು ಉತ್ತರಗಳು ಬೇರೆ ಬೇರೆಯಾಗಿದ್ದರೆ ಎರಡನ್ನೂ ಬರೆದಿಡಿರಿ.

ಇದೇ ಐದು ಪ್ರಶ್ನೆಗಳನ್ನು ಇಲ್ಲಿಯೂ ಕೇಳಬಹುದು. ಈ ಮುಹೈಸ್ನಾದ ಎರಡನೆಯ ಭಾಗವನ್ನು ನಮ್ಮ ಜನ ಸೋನಾಪುರವೆಂದು ಕರೆಯುತ್ತಾರೆ. ಈ ನಗರವನ್ನು ಕಟ್ಟಿದ ಸಾವಿರಾರು ಕಾರ್ಮಿಕರು ಅಲ್ಲಿ ವಾಸವಾಗಿದ್ದಾರೆ. ಕನ್ನಡ ನಾಡಿನವರೂ ಅವರಲ್ಲಿದ್ದಾರೆ. ಅವರ ಕರಣೆ, ತೂಗುಗುಂಡು, ಬಿಸಿಲಿಗೆ ಬಣ್ಣ ಮಾಸಿದ ಹೆಲ್ಮೆಟ್, ಊರಿಂದ ತಂದ ಬುತ್ತಿಯ ಡಬ್ಬಿ, ಇವು ನಮ್ಮ ಕಾಲದ ನೊಗ ಮತ್ತು ಕೊಪ್ಪೆಗಳು. ಐವತ್ತು ವರ್ಷಗಳ ಅನಂತರ ಯಾರಾದರೂ ಅವನ್ನು ಗಾಜಿನ ಪೆಟ್ಟಿಗೆಯಲ್ಲಿಡಬಹುದು. ಹಿಡಿದವರ ಹೆಸರನ್ನೂ ಮಾತನ್ನೂ ಬರೆದಿಡಲು ಈಗ ಮಾತ್ರ ಸಾಧ್ಯ. ಬಳಗದ ತರುಣರು ರಜೆಯ ದಿನ ಈ ಕೆಲಸವನ್ನು ಕೈಗೆತ್ತಿಕೊಂಡು, ದೊರೆತ ವಿವರಗಳನ್ನು ಈ ಪತ್ರಿಕೆಯಲ್ಲಿಯೇ ಸಂಚಿಕೆಗೊಂದರಂತೆ ಪ್ರಕಟಿಸಬೇಕೆಂದು ನಾವು ಪ್ರಾರ್ಥಿಸುತ್ತೇವೆ.